ಕಣ್ಣಲ್ಲಿ ಹುಳ: ಎಲ್ಲಿದೆ ಅಂತ ಮೊದಲು ಕೇಳಿ

ಹಾಸನದಲ್ಲಿ ನನ್ನ ವೈವಾ, ಅಂದರೆ ಮೌಖಿಕ ಪರೀಕ್ಷೆ. "ಕಣ್ಣಲ್ಲಿ ಹುಳ ಇದೆ, ಏನ್ ಕೊಡ್ತೀಯ?" ಅಂದರು ಮೇಡಂ. ಹುಳದ ಮಾತ್ರೆ ಅಲ್ಬೆಂಡಜೋಲ್ ಅಂದೆ. "ಎಲ್ಲಿದೆ ಅಂತ ಕೇಳಲೇ ಇಲ್ವಲ್ಲಪ್ಪ?" ಅಂದರು. ಮಾರ್ಕ್ಸ್ ಹೋಯಿತು, ಈ ಟಿಪ್ಪಣಿ ಉಳಿಯಿತು.

ನಮ್ಮ ಕಡೆಗೆ ಹೊಂದುವ ಹುಳು ಡೈರೋಫೈಲೇರಿಯಾ ರೆಪೆನ್ಸ್. ಕರ್ನಾಟಕ, ಕೇರಳದಿಂದ ಇದರ ಕೇಸ್‌ಗಳು ವರದಿಯಾಗಿವೆ. ಅಸಲಿಗೆ ಇದು ನಾಯಿಯ ಹುಳು. ಚಿಕ್ಕಮಗಳೂರಿನ ಕಾಫಿ ತೋಟದ ಲೈನ್ ಮನೆ ಕಣ್ಮುಂದೆ ತಂದುಕೊಳ್ಳಿ: ಜಗಲಿ ಮೇಲೆ ನಾಯಿ, ಹಿತ್ತಿಲ ಡ್ರಮ್ಮಿನಲ್ಲಿ ನಿಂತ ನೀರು, ಸಂಜೆಯಾದರೆ ಸೊಳ್ಳೆ. ಜೀವನಚಕ್ರದ ಚಿತ್ರ ಅಷ್ಟೇ. ನಾಯಿಯ ರಕ್ತದಲ್ಲಿರುವ ಮೈಕ್ರೋಫೈಲೇರಿಯಾ (ಹುಳುವಿನ ಸೂಕ್ಷ್ಮ ಮರಿ) ಸೊಳ್ಳೆಯೊಳಗೆ ಬೆಳೆದು, ಕಚ್ಚಿದಾಗ ನಮಗೆ ದಾಟುತ್ತದೆ.

ಸ್ಲಿಟ್ ಲ್ಯಾಂಪಿನಲ್ಲಿ (ಕಣ್ಣು ನೋಡುವ ಸೂಕ್ಷ್ಮದರ್ಶಕ) ನೋಡಿದರೆ ಕೆಂಪಾದ ಕಂಜಂಕ್ಟೈವಾದ, ಅಂದರೆ ಕಣ್ಣಿನ ಬಿಳಿಭಾಗದ ಮೇಲಿನ ತೆಳು ಪೊರೆಯ, ಕೆಳಗೆ ಒತ್ತು ಶಾವಿಗೆಯ ತೆಳ್ಳನೆ ಎಳೆಯ ಹಾಗೆ ಬೆಳ್ಳಗೆ ಸುತ್ತಿಕೊಂಡಿರುತ್ತದೆ. ನೋಡ್ತಾ ಇದ್ದ ಹಾಗೇ ಸುರುಳಿ ಬಿಚ್ಚಿ ಇನ್ನೊಂದು ಕಡೆ ಮಡಚಿಕೊಳ್ಳುತ್ತದೆ. ಮರಗಟ್ಟಿಸುವ ಹನಿ ಹಾಕಿ, ಪೊರೆಯನ್ನು ಚೂರು ಕತ್ತರಿಸಿ, ಹುಳವನ್ನು ಇಡಿಯಾಗಿ ಎಳೆದು ತೆಗೆಯುತ್ತಾರೆ. ಸಾಮಾನ್ಯವಾಗಿ ಇರುವುದು ಒಂದೇ, ಹಾಗಾಗಿ ತೆಗೆದರೆ ಮುಗಿಯಿತು. ಆನೆಕಾಲು ರೋಗಕ್ಕೆ ಮಾಡಿದಂತೆ ರಾತ್ರಿ ರಕ್ತ ತೆಗೆದು ನೋಡಿದರೆ ಇಲ್ಲಿ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಮನುಷ್ಯನಲ್ಲಿ ಇದು ಮರಿ ಹಾಕುವುದು ತೀರಾ ಅಪರೂಪ.

ಲೋವಾ ಲೋವಾ ಕೂಡ ಹೀಗೇ ಕಾಣುತ್ತದೆ. ಆದರೆ ಅದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು, ಹರಡುವುದು ಕ್ರೈಸಾಪ್ಸ್ ನೊಣ. ಅಲ್ಲಿಗೆ ಹೋಗಿ ಬಂದಿದ್ದಾರಾ ಅಂತ ಕೇಳಿದರೆ ಸಾಕು.

ಈಗ ನಾನು ಎಡವಿದ ಜಾಗ, ಸಿಸ್ಟಿಸರ್ಕೋಸಿಸ್: ಹಂದಿಯ ಲಾಡಿಹುಳುವಿನ ಮರಿ ಮೈಯೊಳಗೆ ಗುಳ್ಳೆಯಾಗಿ ಕೂರುವ ರೋಗ. ಹಂದಿ ಮಾಂಸ ತಿಂದರೆ ಬರುತ್ತದೆ ಅಂತ ಬರೆಯಬೇಡಿ. ಸರಿಯಾಗಿ ಬೇಯದ ಮಾಂಸದಿಂದ ಬರುವುದು ಹೊಟ್ಟೆಯ ಲಾಡಿಹುಳು. ಕಣ್ಣಿಗೆ ಬರುವುದು ಆ ಲಾಡಿಹುಳುವಿನ ಮೊಟ್ಟೆಯಿಂದ, ತೊಳೆಯದ ಕೈ, ಸೊಪ್ಪು, ನೀರಿನ ಮೂಲಕ. ಹುಟ್ಟಾ ಸಸ್ಯಾಹಾರಿಗೂ ಬರಬಹುದು! ಬಿ-ಸ್ಕ್ಯಾನ್‌ನಲ್ಲಿ (ಕಣ್ಣಿನ ಅಲ್ಟ್ರಾಸೌಂಡ್) ಗುಳ್ಳೆ, ಅದರೊಳಗೆ ಹೊಳೆಯುವ ಚುಕ್ಕೆ. ಅದೇ ಹುಳುವಿನ ತಲೆ. ಕಣ್ಣಿನ ಸ್ನಾಯುವಿನಲ್ಲಿದ್ದರೆ ಅಲ್ಬೆಂಡಜೋಲ್, ಜೊತೆಗೆ ಸ್ಟೀರಾಯ್ಡ್. ಕಣ್ಣುಗುಡ್ಡೆಯೊಳಗೆ ತುಂಬಿರುವ ಲೋಳೆ, ವಿಟ್ರಿಯಸ್‌ನಲ್ಲಿದ್ದರೆ ಮೊದಲು ಆಪರೇಷನ್. ಮಾತ್ರೆಗೆ ಅದು ಒಳಗೇ ಸತ್ತರೆ ಉರಿಯೂತ ಜಾಸ್ತಿಯಾಗಿ ದೃಷ್ಟಿಯೇ ಹೋಗಬಹುದು.

ಟಾಕ್ಸೊಕಾರಾ, ನಾಯಿಯ ಕರುಳಿನ ದುಂಡುಹುಳು: ನಾಯಿಮರಿ, ಮಣ್ಣು, ಮಗು, ಸಾಮಾನ್ಯವಾಗಿ ಒಂದೇ ಕಣ್ಣು. ಪಾಪೆ ಬೆಳ್ಳಗೆ ಕಂಡರೆ ರೆಟಿನೋಬ್ಲಾಸ್ಟೋಮಾ (ಮಕ್ಕಳ ಕಣ್ಣಿನ ಕ್ಯಾನ್ಸರ್) ಅಲ್ಲ ಅಂತ ಮೊದಲು ಖಚಿತ ಮಾಡಿಕೊಳ್ಳಬೇಕು. ಮಲಪರೀಕ್ಷೆ ಬರೆದು ಮಾರ್ಕ್ಸ್ ಕಳೆದುಕೊಳ್ಳಬೇಡಿ. ನಮ್ಮ ಹೊಟ್ಟೆಯಲ್ಲಿ ಅದು ದೊಡ್ಡ ಹುಳುವಾಗುವುದೇ ಇಲ್ಲ, ಮೊಟ್ಟೆ ಎಲ್ಲಿಂದ ಸಿಗಬೇಕು?