ಪಠ್ಯ ಓದಿ, ಆಮೇಲೆ ಥಿಯರಿ ಹುಡುಕಿ

ಪಿಎಚ್‌ಡಿಗೆ ಸೇರುವವರು ನನ್ನ ಹತ್ತಿರ ಮೊದಲು ಕೇಳುವುದು, "ಸರ್, ಯಾವ ಥಿಯರಿ ಹಾಕಲಿ?" ಥಿಯರಿ ಎಂದರೆ ಸ್ತ್ರೀವಾದದಂಥ, ಸಾಹಿತ್ಯ ಓದುವ ಒಂದು ಚೌಕಟ್ಟು. ಪಠ್ಯವನ್ನು ಇನ್ನೂ ಪೂರ್ತಿ ಓದಿರುವುದಿಲ್ಲ. ಹೀಗೆ ಹೊರಟ ಪ್ರಬಂಧದಲ್ಲಿ ಒಂದು ಅಧ್ಯಾಯ ಸ್ತ್ರೀವಾದದ ಇತಿಹಾಸ, ಮುಂದಿನದು ಕಥೆಗಳ ಸಾರಾಂಶ. ಎರಡೂ ಎಲ್ಲೂ ಕೂಡುವುದಿಲ್ಲ.

ಕಥೆಗಾರ್ತಿ ಕೊಡಗಿನ ಗೌರಮ್ಮನವರನ್ನೇ ತೆಗೆದುಕೊಳ್ಳಿ. 1912ರಲ್ಲಿ ಹುಟ್ಟಿ 1939ರಲ್ಲೇ ತೀರಿಕೊಂಡವರು. ವಿಧವೆಯರ ಬದುಕಿನ ಬಗ್ಗೆ ಬರೆದರು, ಹಾಗಾಗಿ ಸ್ತ್ರೀವಾದಿ ಎಂದು ಮುಗಿಸಿದರೆ ಸುಮ್ನೆ ಹಣೆಪಟ್ಟಿ ಅಂಟಿಸಿದ ಹಾಗೆ. ಕಥೆ ಹೇಳುತ್ತಿರುವವರು ಯಾರು? ವಿಧವೆ ತಾನೇ ಮಾತಾಡುತ್ತಾಳಾ, ಬೇರೆಯವರು ಅವಳ ಪರವಾಗಿ ಆಡುತ್ತಾರಾ? ಇದನ್ನು ಸಾಲು ಸಾಲಾಗಿ ನೋಡುವಾಗ ಸ್ತ್ರೀವಾದ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಸಂಶೋಧನಾ ವಿಧಾನ ಕಲಿಸಲು ನನಗೆ ಜಾಸ್ತಿ ಒದಗುವುದು 'ಪಟ್ಟೋಲೆ ಪಳಮೆ' ಎಂಬ ಜಾನಪದ ಸಂಗ್ರಹ. ನಡಿಕೇರಿಯಂಡ ಚಿಣ್ಣಪ್ಪನವರು ಅದರಲ್ಲಿ ಕೊಡವರ ಹಾಡು, ಗಾದೆ, ಪದ್ಧತಿಗಳನ್ನು ಕಲೆಹಾಕಿದರು. ಕೊಡವರ ಭಾಷೆಯಾದ ಕೊಡವ ತಕ್ಕ್‌ನ ಹಾಡುಗಳು ಕನ್ನಡ ಲಿಪಿಯಲ್ಲಿ 1924ರಲ್ಲಿ ಅಚ್ಚಾದವು. ಅಚ್ಚಿನಲ್ಲಿ ಹಾಡು ಒಂದೇ ರೂಪದಲ್ಲಿ ನಿಂತಿದೆ. ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಹಾಡುವವರ ಬಾಯಲ್ಲಿ ಅದು ಹಾಗೆ ನಿಲ್ಲುವುದಿಲ್ಲ, ಅಲ್ವಾ? ಮಳೆಗಾಲದಲ್ಲಿ ಪುಸ್ತಕ ಓದಿ ಮುಗಿಸಿ, ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಊರೂರು ಹೋಗಿ ಕೇಳಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಹಾಡುವವರ ಒಪ್ಪಿಗೆ ಕೇಳಿಯೇ ರೆಕಾರ್ಡ್ ಮಾಡಬೇಕು. ಯಾರು ಹಾಡಿದರು, ಯಾವ ಊರು, ಯಾವ ಸಂದರ್ಭ, ಯಾರಿಂದ ಕಲಿತರು, ಎಲ್ಲ ಅವತ್ತೇ ಬರೆದಿಡಬೇಕು. ಮುಖ್ಯವಾಗಿ, ಕೇಳಿದ ಹಾಡನ್ನು ಪುಸ್ತಕ ನೋಡಿ ತಿದ್ದಬಾರದು. ಎರಡರ ನಡುವೆ ಸಾಲು ಬೇರೆಯಾದ ಕಡೆಯೇ ನಮ್ಮ ಕೆಲಸ ಶುರುವಾಗುವುದು.

ಥಿಯರಿ ಬೇಕಾಗುವುದೂ ಆಗಲೇ. ಕೊಡಗು 1834ರಿಂದ ಬ್ರಿಟಿಷರ ಕೈಯಲ್ಲಿತ್ತು. ಆ ಆಳ್ವಿಕೆಯ ಕಾಲದಲ್ಲಿ ಈ ಸಂಗ್ರಹ ಬಂತು. ಯಾರು ಓದಲಿ ಎಂದು ಇದನ್ನು ಮಾಡಿದರು? ಇದೇ ಮಣ್ಣಿನ ಎರವರು, ಜೇನುಕುರುಬರಂಥ ಆದಿವಾಸಿಗಳ ಹಾಡುಗಳನ್ನು ಯಾರು, ಯಾವಾಗ ಬರೆದುಕೊಂಡರು? ಈ ಪ್ರಶ್ನೆ ಎದ್ದ ಮೇಲೆ ಪರಕೀಯ ಆಳ್ವಿಕೆ ಬರಹದ ಮೇಲೆ ಬಿಟ್ಟ ಗುರುತನ್ನು ಪ್ರಶ್ನಿಸುವ ವಸಾಹತೋತ್ತರ ಚಿಂತನೆಯನ್ನು ಓದಿದರೆ ಪ್ರತಿ ಪುಟವೂ ಉಪಯೋಗಕ್ಕೆ ಬರುತ್ತದೆ. ಇದರಿಂದ ಚಿಣ್ಣಪ್ಪನವರ ಕೆಲಸದ ತೂಕ ಕಡಿಮೆಯಾಗುವುದಿಲ್ಲ. ಅವರು ಬರೆದಿಡದಿದ್ದರೆ ಹೋಲಿಸಿ ನೋಡಲು ನಮಗೆ ಆ ಪಠ್ಯವೇ ಇರುತ್ತಿರಲಿಲ್ಲ.

ಹಾಗಾಗಿ ಸಂಶೋಧನೆಯ ಸಾರಲೇಖ (ಸಿನಾಪ್ಸಿಸ್) ತರುವವರಿಗೆ ಒಂದೇ ಕೋರಿಕೆ. ನಿಮ್ಮ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಲೇಖಕರ ಹೆಸರು ತೆಗೆದು ಬೇರೆ ಹೆಸರು ಹಾಕಿದರೂ ಅದು ಹಾಗೇ ಹೊಂದಿದರೆ, ಪಠ್ಯವನ್ನು ಇನ್ನೊಮ್ಮೆ ಓದಿ ಬನ್ನಿ.