ವಕೀಲರಿಗೆ ಸಲಹೆ ಕೊಡಲು ವೈದ್ಯರು ಎಲ್‌ಎಲ್‌ಬಿ ಮಾಡಬೇಕೆ?

ಪ್ರಶ್ನೆ: ಇಪ್ಪತ್ತು ವರ್ಷಗಳಿಂದ ಶಸ್ತ್ರಚಿಕಿತ್ಸಕನಾಗಿದ್ದೇನೆ. ವೈದ್ಯಕೀಯ ನಿರ್ಲಕ್ಷ್ಯದ ಪ್ರಕರಣಗಳಲ್ಲಿ ವಕೀಲರಿಗೆ ಸಲಹೆ ಕೊಡುವ ಕೆಲಸಕ್ಕೆ ಇಳಿಯಬೇಕೆಂಬ ಆಸೆ. ಎಲ್‌ಎಲ್‌ಬಿ ಮಾಡಲೇಬೇಕೆ?

ಉತ್ತರ: ಬೇಕಿಲ್ಲ. ವಕಾಲತ್ತು ಹಾಕಿ ನೀವೇ ವಾದಿಸುವುದಾದರೆ ಮಾತ್ರ ಪದವಿಯೂ ಸನ್ನದೂ (ವಕೀಲಿ ಮಾಡುವ ಪರವಾನಗಿ) ಬೇಕು. ಆದರೆ ಶಸ್ತ್ರಚಿಕಿತ್ಸೆಯನ್ನೂ ಮುಂದುವರಿಸಿ ಸನ್ನದನ್ನೂ ಪಡೆಯುತ್ತೇನೆಂದರೆ ಆಗದು. ಡಾ. ಹನಿರಾಜ್ ಚುಲಾನಿ ಎಂಬ ಶಸ್ತ್ರಚಿಕಿತ್ಸಕರು ಕಾನೂನು ಪದವಿ ಪಡೆದು ಮಹಾರಾಷ್ಟ್ರ ಮತ್ತು ಗೋವಾ ವಕೀಲರ ಪರಿಷತ್ತಿಗೆ ಅರ್ಜಿ ಹಾಕಿದ್ದರು. ಪರಿಷತ್ತು ಒಪ್ಪಲಿಲ್ಲ; 1996ರಲ್ಲಿ ಸುಪ್ರೀಂ ಕೋರ್ಟ್ ಕೂಡ ಪರಿಷತ್ತಿನ ನಿಲುವನ್ನೇ ಎತ್ತಿಹಿಡಿಯಿತು.

ವಕೀಲರು ನಿಮ್ಮನ್ನು ಹುಡುಕಿಕೊಂಡು ಬರುವುದು ಕಾನೂನು ಕೇಳಲಿಕ್ಕಲ್ಲ, ಆಸ್ಪತ್ರೆಯ ಕೇಸ್ ಶೀಟ್ ಓದಿಸಲಿಕ್ಕೆ. ರಾತ್ರಿ ಹತ್ತಕ್ಕೆ ರಕ್ತದೊತ್ತಡ 110, ನಾಡಿ 88. ಹನ್ನೊಂದಕ್ಕೆ ನಾಡಿ 124. ಮುಂದಿನ ನಮೂದು ಎರಡೂವರೆಗೆ. ವಕೀಲರ ಕಣ್ಣಿಗೆ ಇವು ಬರೀ ಅಂಕಿಗಳು. ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿ ರಾತ್ರಿಯಿಡೀ ಎದ್ದಿದ್ದ ನಿಮಗೆ, ಒಳಗೆ ರಕ್ತ ಸೋರುತ್ತಿರಬಹುದೇ ಎಂಬ ಅನುಮಾನ ನಾಡಿ ಏರಿದ ಮೇಲಿನ ಆ ಮೂರೂವರೆ ಗಂಟೆಯ ಖಾಲಿ ಜಾಗದಲ್ಲೇ ಏಳುತ್ತದೆ. ಈ ಕಣ್ಣನ್ನು ಯಾವ ಕಾನೂನು ಕಾಲೇಜೂ ಕೊಡುವುದಿಲ್ಲ. ಹಾಗಾಗಿ ವೃತ್ತಿಯನ್ನು ಪೂರ್ತಿ ಬಿಡಬೇಡಿ ಎಂದೇ ಹೇಳುತ್ತೇನೆ. ‘ನೀವು ಕೊನೆಯ ಬಾರಿ ಈ ಶಸ್ತ್ರಚಿಕಿತ್ಸೆ ಮಾಡಿದ್ದು ಯಾವಾಗ?’ ಎಂಬ ಪ್ರಶ್ನೆ ಪಾಟೀಸವಾಲಿನಲ್ಲಿ ಬಂದೇ ಬರುತ್ತದೆ.

ಕಾನೂನು ಬೇಡವೇ ಬೇಡ ಎಂದಲ್ಲ. 1995ರ ವಿ.ಪಿ. ಶಾಂತಾ ತೀರ್ಪು ಹಣ ಪಡೆದು ನೀಡುವ ಚಿಕಿತ್ಸೆಯನ್ನು ಗ್ರಾಹಕ ಕಾನೂನಿನೊಳಗೆ ತಂದಿತು. 2005ರ ಜೇಕಬ್ ಮ್ಯಾಥ್ಯೂ ತೀರ್ಪು, ವೈದ್ಯರ ಮೇಲೆ ಖಾಸಗಿ ಕ್ರಿಮಿನಲ್ ದೂರು ನಿಲ್ಲಬೇಕಾದರೆ ಇನ್ನೊಬ್ಬ ಸಮರ್ಥ ವೈದ್ಯರ ನಂಬಲರ್ಹ ಅಭಿಪ್ರಾಯ ಬೇಕೆಂದಿತು. ಇವೆರಡನ್ನೂ ಕೂತು ಓದಿ. ಕ್ರಮವಾಗಿ ಕಲಿಯುವ ಮನಸ್ಸಿದ್ದರೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು ವೈದ್ಯಕೀಯ ಕಾನೂನು ಮತ್ತು ನೀತಿಯಲ್ಲಿ ರೂಪಿಸಿರುವ ಸ್ನಾತಕೋತ್ತರ ಡಿಪ್ಲೊಮಾ ಇದೆ.

ಕಷ್ಟವಿರುವುದು ಬೇರೆ ಕಡೆ. ಶುಲ್ಕ ಕೊಟ್ಟವರು ಆಸ್ಪತ್ರೆಯವರಾಗಲಿ, ರೋಗಿಯ ಮನೆಯವರಾಗಲಿ, ಬರೆಯುವ ಅಭಿಪ್ರಾಯ ಒಂದೇ ಆಗಿರಬೇಕು. ಮಗನನ್ನು ಕಳೆದುಕೊಂಡ ತಾಯಿಗೆ ‘ಅಮ್ಮಾ, ವೈದ್ಯರ ತಪ್ಪು ಇದರಲ್ಲಿಲ್ಲ, ಕಾಯಿಲೆಯೇ ಅಷ್ಟು ಬಲವಾಗಿತ್ತು’ ಎಂದು ಹಾಳೆ ಹಾಳೆ ತೋರಿಸಿ ವಿವರಿಸುವುದೂ ಇದೇ ಕೆಲಸ. ಸಹೋದ್ಯೋಗಿಯ ತಪ್ಪು ಕಂಡಾಗ ಅದನ್ನು ಬರೆದು ಸಹಿ ಹಾಕುವುದೂ ಇದೇ ಕೆಲಸ. ಎರಡಕ್ಕೂ ಎದೆಗಾರಿಕೆ ಬೇಕು.

ಮೊದಲ ಕಡತದಲ್ಲಿ ಡಿಸ್ಚಾರ್ಜ್ ಸಮ್ಮರಿ ಮಾತ್ರ ಇದ್ದರೆ ಅಭಿಪ್ರಾಯ ಬರೆಯಬೇಡಿ. ನರ್ಸ್‌ಗಳ ಟಿಪ್ಪಣಿ, ಔಷಧಿ ಪಟ್ಟಿ, ಅರಿವಳಿಕೆ ದಾಖಲೆ, ಒಪ್ಪಿಗೆ ಪತ್ರ ಎಲ್ಲವನ್ನೂ ತರಿಸಿ. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯರ ವೃತ್ತಿನಡತೆಯ 2002ರ ನಿಯಮಾವಳಿಯೇ ಹೇಳುತ್ತದೆ.