ಸೇತುವೆಯ ಲೆಕ್ಕದಲ್ಲಿ ಹುಟ್ಟಿದ ವಾಯುನೌಕೆ

1935ರ ಫೆಬ್ರವರಿ 12ರ ಸಂಜೆ, ಕ್ಯಾಲಿಫೋರ್ನಿಯಾ ಕರಾವಳಿಯ ಪಾಯಿಂಟ್ ಸರ್ ಹತ್ತಿರ ಬಿರುಗಾಳಿ ಒಮ್ಮೆ ಬಡಿಯಿತು. ಹಗುರ ಅನಿಲದ ಬಲದಲ್ಲಿ ತೇಲುವ ಅಮೆರಿಕ ನೌಕಾಪಡೆಯ 'ಮೇಕನ್' ವಾಯುನೌಕೆಯ ಬಾಲದ ಮೇಲಿನ ರೆಕ್ಕೆ ಕಿತ್ತುಹೋಯಿತು. ಚೂರುಗಳು ಹಿಂಭಾಗದ ಹೀಲಿಯಂ ಚೀಲಗಳನ್ನು ಹರಿದವು. ನೌಕೆ ಸಮುದ್ರಕ್ಕೆ ಇಳಿದು ಮುಳುಗಿತು. ಅದರಲ್ಲಿದ್ದ 83 ಜನರಲ್ಲಿ ಇಬ್ಬರು ಸತ್ತರು. 239 ಮೀಟರ್ ಉದ್ದದ ನೌಕೆ ಒಂದು ರೆಕ್ಕೆ ಹೋಗಿದ್ದಕ್ಕೆ ಮುಳುಗಿತು ಅಂದ್ರೆ ನಂಬೋದು ಕಷ್ಟ, ಅಲ್ವಾ?

ಅದರ ವಿನ್ಯಾಸಕ ಕಾರ್ಲ್ ಆರ್ನ್‌ಸ್ಟೈನ್ ಶುರು ಮಾಡಿದ್ದು ಆಕಾಶದಿಂದಲ್ಲ, ಕಾಂಕ್ರೀಟಿನಿಂದ. 1887ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಅವರು ಸೇತುವೆಗಳ ಲೆಕ್ಕ ಹಾಕುತ್ತಿದ್ದರು. ಸ್ವಿಟ್ಜರ್ಲೆಂಡಿನ ಲಾಂಗ್‌ವೀಸ್ ರೈಲು ಸೇತುವೆಯ 100 ಮೀಟರ್ ಕಮಾನಿನ ಹಿಂದೆ ಅವರ ಲೆಕ್ಕವಿದೆ. ಮೊದಲ ಮಹಾಯುದ್ಧದ ಹೊತ್ತಿಗೆ ವಾಯುನೌಕೆ ಕಟ್ಟುತ್ತಿದ್ದ ಜರ್ಮನಿಯ ಝೆಪೆಲಿನ್ ಕಂಪನಿ ಅವರನ್ನು ಕರೆಸಿಕೊಂಡಿತು.

ಸೇತುವೆಯವರಿಗೆ ಇಲ್ಲೇನು ಕೆಲಸ? ಬೇಕಾದಷ್ಟಿದೆ. ಅನಿಲದ ಚೀಲಗಳು ನೌಕೆಯನ್ನು ಉದ್ದಕ್ಕೂ ಮೇಲಕ್ಕೆತ್ತುತ್ತವೆ. ಎಂಜಿನ್, ಇಂಧನದ ಭಾರ ಮಾತ್ರ ಅಲ್ಲಲ್ಲಿ ಜೋತುಬೀಳುತ್ತದೆ. ಮೇಲೆ ಗಾಳಿಯ ಏಟು ಬೇರೆ. ಒಟ್ಟಿನಲ್ಲಿ ಇದು ಯಾವ ಕಡೆಗಾದರೂ ಬಾಗಬಹುದಾದ ಸೇತುವೆ. 1921ರಲ್ಲಿ ಬ್ರಿಟನ್ನಿನ 'ಆರ್38' ವಾಯುನೌಕೆ, 1925ರಲ್ಲಿ ಅಮೆರಿಕದ 'ಶೆನಾಂಡೋವಾ' ಆಕಾಶದಲ್ಲೇ ತುಂಡಾಗಿದ್ದವು.

1924ರಲ್ಲಿ ಆರ್ನ್‌ಸ್ಟೈನ್ ಹನ್ನೆರಡು ಜನ ಎಂಜಿನಿಯರುಗಳ ಜೊತೆ ಓಹಾಯೋದ ಏಕ್ರನ್‌ಗೆ ಬಂದರು. ಅಲ್ಲಿ ಗುಡ್‌ಇಯರ್-ಝೆಪೆಲಿನ್ ಕಂಪನಿಗಾಗಿ 'ಏಕ್ರನ್' ಮತ್ತು 'ಮೇಕನ್' ವಾಯುನೌಕೆಗಳನ್ನು ರೂಪಿಸಿದರು. ಝೆಪೆಲಿನ್‌ಗಳಲ್ಲಿ ತಂತಿ ಕಟ್ಟಿ ಬಿಗಿ ಮಾಡುತ್ತಿದ್ದ, ಒಡಲಿನ ಚೌಕಟ್ಟಿನ ಮುಖ್ಯ ಉಂಗುರಗಳನ್ನು ಇವರು ದಪ್ಪವಾಗಿ, ತಾವಾಗಿಯೇ ಗಟ್ಟಿ ನಿಲ್ಲುವಂತೆ ಮಾಡಿದರು. ನೌಕೆಯ ಉದ್ದಕ್ಕೂ ಹೋಗುವ ಒಂದೇ ಬೆನ್ನೆಲುಬಿನ ಬದಲು ಮೂರು ಇಟ್ಟರು. ಹೊತ್ತಿಕೊಳ್ಳದ ಹೀಲಿಯಂ ಇದ್ದಿದ್ದರಿಂದ ಎಂಟು ಎಂಜಿನ್‌ಗಳನ್ನೂ ಒಡಲೊಳಗೇ ಕೂರಿಸಿದರು. ಹೊಟ್ಟೆಯಲ್ಲಿ ಪುಟ್ಟ ವಿಮಾನಗಳಿಗೂ ಜಾಗ!

ಎಡವಟ್ಟಾಗಿದ್ದು ಬಾಲದಲ್ಲಿ. ನಡೆಸುವವರ ಕೋಣೆಯಿಂದ ಕೆಳಗಿನ ರೆಕ್ಕೆ ಕಾಣಬೇಕು ಎಂದು ನೌಕಾಪಡೆ ಹಟ ಹಿಡಿಯಿತು. ಕೇಳಿದ್ದು ತಪ್ಪೇನಲ್ಲ, ನೆಲಕ್ಕೆ ತಾಗೀತು ಎಂಬ ಭಯ. ಅದಕ್ಕಾಗಿ ರೆಕ್ಕೆಗಳನ್ನು ಗಿಡ್ಡವಾಗಿ, ಅಗಲವಾಗಿ ಮಾಡಿದರು. ಹಳೆಯ ನಕ್ಷೆಯಲ್ಲಿ ರೆಕ್ಕೆಯ ಮುಂತುದಿ ಮುಖ್ಯ ಉಂಗುರಕ್ಕೆ ಕಚ್ಚಿಕೊಂಡಿತ್ತು. ಹೊಸದರಲ್ಲಿ ಆ ಆಸರೆ ತಪ್ಪಿತು.

'ಏಕ್ರನ್' 1933ರ ಏಪ್ರಿಲ್ 4ರಂದು ಬಿರುಗಾಳಿಯಲ್ಲಿ ಬಾಲ ಸಮುದ್ರಕ್ಕೆ ಬಡಿದು ಒಡೆಯಿತು. 76 ಜನರಲ್ಲಿ 73 ಜನ ಸತ್ತರು. ಮರುವರ್ಷ ಟೆಕ್ಸಾಸ್ ಮೇಲೆ 'ಮೇಕನ್'ನ ಬಾಲದ ತೊಲೆಗಳು ಮುರಿದವು. ರಿಪೇರಿ ಮಾಡಿದರೂ ರೆಕ್ಕೆಗಳನ್ನು ಬಲಪಡಿಸುವ ಕೆಲಸ ಬಿಡುವಾದಾಗ ಒಂದೊಂದೇ ಎಂದು ಮುಂದಕ್ಕೆ ಹೋಯಿತು. ಮೇಲಿನ ರೆಕ್ಕೆಯ ಸರದಿ ಬಂದೇ ಇರಲಿಲ್ಲ. ನನ್ನ ಲೆಕ್ಕದಲ್ಲಿ, ನಕ್ಷೆಗಿಂತ ಜಾಸ್ತಿ ತಪ್ಪು ಈ ಮುಂದೂಡಿಕೆಯದು.

ಆಮೇಲೆ ಅಮೆರಿಕ ಅಷ್ಟು ದೊಡ್ಡ ಗಟ್ಟಿ ವಾಯುನೌಕೆ ಕಟ್ಟಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಆರ್ನ್‌ಸ್ಟೈನ್ ಇದ್ದ ಕಂಪನಿ ನೌಕಾಪಡೆಗೆ ನೂರಕ್ಕೂ ಜಾಸ್ತಿ ಬ್ಲಿಂಪ್ ಮಾಡಿಕೊಟ್ಟಿತು. ಅವಕ್ಕೆ ಉಂಗುರವೂ ಇಲ್ಲ, ಬೆನ್ನೆಲುಬೂ ಇಲ್ಲ. ಒಳಗಿನ ಅನಿಲದ ಒತ್ತಡವೇ ಆಕಾರ ಕೊಡುತ್ತಿತ್ತು.